ಸಮತೋಲ ಪ್ರಗತಿ ಮತ್ತು ಕುಟುಂಬ ಕ್ಷೇಮ: ಕೃಷ್ಣಾ ತೀರದ ರೈತರೊಡನೆ ಕೆಲವು ಮಾತು

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರನ್ನು ಉದ್ದೇಶಿಸಿ ಮಾಡಿದ ಭಾಷಣ)



ಸಮತೋಲ ಸಾಮಾಜಿಕ ಪ್ರಗತಿ ಹಾಗೂ ಕುಟುಂಬ ಕ್ಷೇಮಕ್ಕಾಗಿ ರಾಷ್ಟ್ರೀಯ ಒಮ್ಮತ ಎಂಬುದು ಇಂದಿನ ವಿಷಯ. ಹೆಸರು ಕೇಳಿದೊಡನೆ ಇದು ದಿಲ್ಲಿಯಲ್ಲಿ ಕುಳಿತವರ ವಿಚಾರ, ನಮ್ಮ ಕಬ್ಬಿಗೂ ತಂಬಾಕಿಗೂ ಇದಕ್ಕೂ ಸಂಬಂಧವೇನು ಎಂದು ನಿಮಗೆ ಅನ್ನಿಸಬಹುದು. ಆದರೆ ಒಮ್ಮತ ಎಂದರೇನು ಎಂಬುದನ್ನು ಕೃಷ್ಣಾ ತೀರದ ರೈತನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಾಗವಾಡ, ರಾಯಬಾಗ, ಅಥಣಿ ತಾಲೂಕುಗಳ ನದಿಯಂಚಿನ ಕಪ್ಪು ಭೂಮಿಯಲ್ಲಿ ವರ್ಷವಿಡೀ ಕಬ್ಬು ನಿಂತು, ನೀರು ಅತಿಯಾಗಿ, ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಅವನ್ನು ಸುಧಾರಿಸಬೇಕಾದರೆ ನೆಲದೊಳಗೆ ತೂತಿನ ಪೈಪು ಹೂಳಿ, ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡಬೇಕು. ಆ ಪೈಪು ನೆರೆಯವನ ಹೊಲ ದಾಟದೆ ಹಳ್ಳವನ್ನು ಮುಟ್ಟುವುದಿಲ್ಲ. ಹತ್ತು ಜನ ಒಪ್ಪಿ, ಹಳ್ಳದ ದಂಡೆಯ ಹನ್ನೊಂದನೆಯವನು ಒಲ್ಲೆನೆಂದರೆ ಹತ್ತೂ ಜನರ ಹೊಲದಲ್ಲಿ ಉಪ್ಪು ಉಳಿಯುತ್ತದೆ. ಆ ಹನ್ನೊಂದನೆಯವನ ಮನಸ್ಸನ್ನು ಗೆಲ್ಲುವ ಕೆಲಸಕ್ಕೇ ಒಮ್ಮತ ಎನ್ನುತ್ತಾರೆ.

ಕುಟುಂಬದ ವಿಷಯದಲ್ಲಿ ನಮ್ಮ ದೇಶ ಅರ್ಧ ಒಮ್ಮತಕ್ಕೆ ಬಂದಿದೆ, ಅರ್ಧ ಬಾಕಿಯಿದೆ. ಮಕ್ಕಳು ಎಷ್ಟಿರಬೇಕು ಎಂಬ ಬಗ್ಗೆ ಜನ ಒಪ್ಪಿದ್ದಾರೆ. ಮನೆಯಲ್ಲಿ ಹುಟ್ಟಿದ ಮಗಳ ಸ್ಥಾನ ಯಾವುದು ಎಂಬ ಬಗ್ಗೆ ಒಪ್ಪಿಲ್ಲ. ಈ ಬಾಕಿ ಅರ್ಧದ ಬಗ್ಗೆಯೇ ನಾನು ಹೆಚ್ಚು ಮಾತನಾಡುತ್ತೇನೆ.

ಮೊದಲು ಆಗಿರುವ ಅರ್ಧವನ್ನು ನೋಡೋಣ. 1952ರಲ್ಲಿ ಕುಟುಂಬ ಯೋಜನೆಯನ್ನು ಸರ್ಕಾರದ ಕಾರ್ಯಕ್ರಮವಾಗಿ ಕೈಗೊಂಡ ದೇಶ ನಮ್ಮದು. ನಿಮ್ಮಲ್ಲಿ ಹಿರಿಯರಿಗೆ ಗೋಡೆಯ ಮೇಲಿನ ಕೆಂಪು ತ್ರಿಕೋನ ನೆನಪಿರಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಪ್ಪಿಸುವ ತಾಳ್ಮೆ ಹೋಗಿ ಒತ್ತಾಯ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಬಹುಪಾಲು ಗಂಡಸರಿಗೆ ಮಾಡಿದಂಥವು. ಜನ ಸಿಟ್ಟಿಗೆದ್ದರು. 1977ರಲ್ಲಿ ಕಾರ್ಯಕ್ರಮದ ಹೆಸರೇ ಬದಲಾಗಿ 'ಕುಟುಂಬ ಕಲ್ಯಾಣ'ವಾಯಿತು. ಹೆಸರಿನ ಜೊತೆಗೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ಆಯಿತು. ಒತ್ತಾಯಕ್ಕೆ ಬೆದರಿದ ಗಂಡಸರು ಹಿಂದೆ ಸರಿದರು, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಇಂದು ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಸಂಖ್ಯೆ ನೂರಕ್ಕೆ ಒಂದು ಕೂಡ ಇಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸುಲಭ, ಹೊಟ್ಟೆ ಕೊಯ್ಯುವ ಕೆಲಸವಿಲ್ಲ, ಅದೇ ದಿನ ಮನೆಗೆ ನಡೆದು ಬರಬಹುದು. ಆದರೂ ನಮ್ಮ ಗಂಡಸರು ಇದನ್ನು ಕೇಳಿದರೆ ವಿಷಯ ಬದಲಿಸುತ್ತಾರೆ.

2000ದ ರಾಷ್ಟ್ರೀಯ ಜನಸಂಖ್ಯಾ ನೀತಿ ಒತ್ತಾಯವನ್ನು ಬಿಟ್ಟು, ದಂಪತಿಗಳ ಸ್ವಂತ ಒಪ್ಪಿಗೆಯನ್ನೇ ಆಧಾರವಾಗಿಟ್ಟುಕೊಂಡಿತು. ಒಬ್ಬ ತಾಯಿಗೆ ಸರಾಸರಿ 2.1 ಮಕ್ಕಳು ಎಂಬುದು ಅದರ ಗುರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಾಸರಿ 2.0ಕ್ಕೆ ಇಳಿದಿತ್ತು, ಕರ್ನಾಟಕದ್ದು 1.7. ಹೀಗೆ ಕುಟುಂಬ ಚಿಕ್ಕದು ಮಾಡಿಕೊಂಡ ರಾಜ್ಯಗಳು ಲೋಕಸಭೆಯಲ್ಲಿ ಸ್ಥಾನ ಕಳೆದುಕೊಳ್ಳಬಾರದೆಂದು 1976ರಲ್ಲಿಯೇ 42ನೆಯ ತಿದ್ದುಪಡಿಯ ಮೂಲಕ ಸ್ಥಾನಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಲಾಯಿತು. 84ನೆಯ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ರಾಜ್ಯಗಳ ನಡುವೆ ಆದ ದೊಡ್ಡ ಒಮ್ಮತಗಳಲ್ಲಿ ಇದೂ ಒಂದು. ಮುಂದೆ ಅದು ಹೇಗೆ ಇತ್ಯರ್ಥವಾಗುತ್ತದೆ ಎಂಬುದು ಸಂಸತ್ತಿನ ಕೆಲಸ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ನಮ್ಮ ಭಾಗಕ್ಕೆ ಬರೋಣ. ಮಕ್ಕಳ ಸಂಖ್ಯೆ ಇಳಿದಾಗ ಗಂಡುಮಗುವಿನ ಆಸೆ ಇಳಿಯಲಿಲ್ಲ. ಆರು ಮಕ್ಕಳಿದ್ದ ಕಾಲದಲ್ಲಿ ಅವುಗಳಲ್ಲಿ ಒಂದಾದರೂ ಗಂಡಾಗುತ್ತಿತ್ತು. ಎರಡೇ ಸಾಕು ಎಂದ ಮೇಲೆ ಆ ಎರಡರಲ್ಲಿ ಒಂದು ಗಂಡೇ ಆಗಬೇಕು ಎಂಬ ಹಟ ಬಂತು. 'ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ' ಎಂದು ನಾವೆಲ್ಲ ಹೇಳುತ್ತ ಬಂದೆವು. ಆ ಮಾತಿನಲ್ಲಿಯೇ ಮಗಳಿಗೆ ಆರತಿ ತಟ್ಟೆ ಬಿಟ್ಟು ಬೇರೇನೂ ಬರಲಿಲ್ಲವೆಂಬುದನ್ನು ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಸ್ಕ್ಯಾನಿಂಗ್ ಯಂತ್ರಗಳು ತಾಲೂಕಿನ ಊರುಗಳಿಗೂ ಬಂದವು.

ನಿಸರ್ಗದ ಲೆಕ್ಕದಲ್ಲಿ 100 ಹೆಣ್ಣು ಮಕ್ಕಳಿಗೆ ಸುಮಾರು 105 ಗಂಡು ಮಕ್ಕಳು ಹುಟ್ಟುತ್ತಾರೆ. ಎಂದರೆ 1000 ಗಂಡಿಗೆ 950ರಷ್ಟು ಹೆಣ್ಣು. 2001ರ ಜನಗಣತಿಯಲ್ಲಿ 6 ವರ್ಷದೊಳಗಿನ ಮಕ್ಕಳನ್ನು ಎಣಿಸಿದಾಗ ಕರ್ನಾಟಕದಲ್ಲಿ 1000 ಗಂಡಿಗೆ 946 ಹೆಣ್ಣು ಮಕ್ಕಳಿದ್ದರೆ, ಬೆಳಗಾವಿ ಜಿಲ್ಲೆಯಲ್ಲಿ 921 ಮಾತ್ರ ಇದ್ದರು. ನದಿಯ ಆಚೆ ಸಾಂಗಲಿ ಜಿಲ್ಲೆಯಲ್ಲಿ 851, ಕೊಲ್ಲಾಪುರ ಜಿಲ್ಲೆಯಲ್ಲಿ 839. ಈ ಎರಡು ಜಿಲ್ಲೆಗಳು ಮಹಾರಾಷ್ಟ್ರದ ಬಡ ಜಿಲ್ಲೆಗಳಲ್ಲ. ಸಕ್ಕರೆ ಕಾರ್ಖಾನೆ, ಹಾಲಿನ ಸಂಘ, ಶಿಕ್ಷಣ ಸಂಸ್ಥೆ, ಆಸ್ಪತ್ರೆ ಎಲ್ಲದರಲ್ಲೂ ಮುಂದಿರುವ ಜಿಲ್ಲೆಗಳು. ಪ್ರಗತಿಯಾದರೆ ಹೆಣ್ಣಿನ ಸ್ಥಿತಿ ತಾನಾಗಿಯೇ ಸುಧಾರಿಸುತ್ತದೆ ಎಂದು ನಂಬಿದವರಿಗೆ ಈ ಅಂಕಿಗಳನ್ನು ತೋರಿಸಬೇಕು. ಕಬ್ಬಿಗೆ ನೀರು ಹೆಚ್ಚಾದಂತೆ ಇಳುವರಿ ಹೆಚ್ಚುತ್ತದೆ ಎಂದು ನಂಬಿ ಭೂಮಿ ಕೆಡಿಸಿಕೊಂಡ ಹಾಗೆಯೇ ಇದೂ ಆಯಿತು. 2011ರ ಜನಗಣತಿಯಲ್ಲಿ ಬೆಳಗಾವಿಯ ಸಂಖ್ಯೆ 934ಕ್ಕೆ ಏರಿದ್ದು ಸಮಾಧಾನದ ವಿಷಯ. ಆದರೂ ಅದು ರಾಜ್ಯದ ಸರಾಸರಿಯಾದ 948ಕ್ಕಿಂತ ಕೆಳಗೇ ಇತ್ತು.

ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನು ಮಾಡಿದ ಮೊದಲ ರಾಜ್ಯ ಮಹಾರಾಷ್ಟ್ರವೇ, ಅದು 1988ರಲ್ಲಿ. ಕೇಂದ್ರದ ಕಾಯ್ದೆ 1994ರಲ್ಲಿ ಆಗಿ, 1996ರಿಂದ ಜಾರಿಗೆ ಬಂತು. ಕಾನೂನು ಬಂದ ಮೇಲೆ ಏನಾಯಿತು? ಈ ಕೆಲಸ ಗಡಿ ದಾಟಿತು. ಅಲ್ಲಿ ಬಿಗಿಯಾದರೆ ಇಲ್ಲಿಗೆ, ಇಲ್ಲಿ ಬಿಗಿಯಾದರೆ ಅಲ್ಲಿಗೆ. 2017ರ ಮಾರ್ಚ್ ತಿಂಗಳಿನಲ್ಲಿ ಕಾಗವಾಡದ ನೆರೆಯಲ್ಲಿಯೇ ಇರುವ ಮಿರಜ ತಾಲೂಕಿನ ಮ್ಹೈಸಾಳದಲ್ಲಿ, ಹಳ್ಳದ ಬದಿಯಲ್ಲಿ ಹೂತಿದ್ದ 19 ಭ್ರೂಣಗಳನ್ನು ಪೊಲೀಸರು ಅಗೆದು ತೆಗೆದರು. ಗರ್ಭಪಾತದಲ್ಲಿ ಒಬ್ಬ ತರುಣಿ ತಾಯಿ ಸತ್ತುದರಿಂದ ಮಾತ್ರ ಆ ಸಂಗತಿ ಬೆಳಕಿಗೆ ಬಂತು. ಬಂಧಿತರಾದವರಲ್ಲಿ ಕರ್ನಾಟಕದ ವೈದ್ಯರೂ ಇದ್ದರು. ಈ ಗಡಿ ಯಾರದು ಎಂಬ ಬಗ್ಗೆ ಎರಡು ರಾಜ್ಯಗಳಲ್ಲಿ ಒಮ್ಮತವಿಲ್ಲ; ಆದರೆ ಗಂಡುಮಗುವೇ ಬೇಕು ಎಂಬುದರಲ್ಲಿ ಗಡಿಯ ಎರಡೂ ಕಡೆ ಪೂರ್ಣ ಒಮ್ಮತವಿದೆ! ಇದು ಗಡಿನಾಡಿನ ರೋಗ ಮಾತ್ರ ಎಂದು ತಿಳಿಯಬೇಡಿ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ, ಬೆಲ್ಲ ಮಾಡುವ ಆಲೆಮನೆಯೊಂದರಲ್ಲಿಯೇ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಪತ್ತೆಯಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಈ ಕೆಲಸ!

ಇದರ ಫಲವನ್ನು ಈಗ ಯಾರು ಉಣ್ಣುತ್ತಿದ್ದಾರೆ ನೋಡಿ. 2001ರಲ್ಲಿ ಎಣಿಸಿದ ಆ ಎಳೆಯ ಮಕ್ಕಳು ಇಂದು ಇಪ್ಪತ್ತೈದರ ಆಸುಪಾಸಿನಿಂದ ಮೂವತ್ತರವರೆಗಿನ ವಯಸ್ಸಿನವರು. ಅಂದು ಹುಟ್ಟಗೊಡದ ಹೆಣ್ಣುಮಕ್ಕಳ ಲೆಕ್ಕ ಇಂದು ಮದುವೆಯಾಗದೆ ಉಳಿದ ಗಂಡುಮಕ್ಕಳ ಲೆಕ್ಕವಾಗಿ ತಿರುಗಿ ಬಂದಿದೆ. ಐದೂ ತಾಲೂಕುಗಳ ಯಾವ ಊರಿಗೆ ಹೋದರೂ ನಾಲ್ಕೆಂಟು ಎಕರೆ ನೀರಾವರಿ, ಟ್ರ್ಯಾಕ್ಟರ್, ಒಳ್ಳೆಯ ಮನೆ ಇದ್ದೂ ಕನ್ಯೆ ಸಿಗದ ಮೂವತ್ತು-ಮೂವತ್ತೈದರ ಹುಡುಗರನ್ನು ಕಾಣುತ್ತೀರಿ. 2022ರ ಡಿಸೆಂಬರಿನಲ್ಲಿ ಸೊಲ್ಲಾಪುರದಲ್ಲಿ ಅವಿವಾಹಿತ ತರುಣರು ಮದುಮಕ್ಕಳ ವೇಷದಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಮೆರವಣಿಗೆ ಹೋಗಿ, ಭ್ರೂಣಲಿಂಗ ಪತ್ತೆಯ ಕಾಯ್ದೆಯನ್ನು ಸರಿಯಾಗಿ ಜಾರಿ ಮಾಡಿರೆಂದು ಬೇಡಿಕೆ ಕೊಟ್ಟರು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಪತ್ರಿಕೆಗಳು ಇದನ್ನು ನಗೆಯ ಸುದ್ದಿಯಾಗಿ ಬರೆದವು. ಆ ಹುಡುಗರ ತಾಯಿ-ತಂದೆಗೆ ಇದು ನಗೆಯ ವಿಷಯವಲ್ಲ.

ಆದರೆ ಕನ್ಯೆಯರ ಕೊರತೆಯೊಂದೇ ಕಾರಣವೆಂದು ಹೇಳಿದರೆ ಅದು ಪೂರ್ಣ ಸತ್ಯವಾಗದು. ಓದಿದ ಹುಡುಗಿಯರು ಒಕ್ಕಲುತನದ ಮನೆಯನ್ನು ಒಲ್ಲೆ ಎನ್ನುತ್ತಿದ್ದಾರೆ. ಅವರಿಗಿಂತ ಮೊದಲು ಒಲ್ಲೆ ಎನ್ನುವವರು ಅವರ ತಾಯಂದಿರು. ತಮ್ಮ ಮಗನಿಗೆ ಒಕ್ಕಲುತನದ ಮನೆಯ ಕನ್ಯೆ ಬೇಕು, ಮಗಳಿಗೆ ಮಾತ್ರ ನೌಕರಿಯ ವರ ಬೇಕು. ಇದು ಕಪಟವಲ್ಲ. ಆ ತಾಯಿ ಮೂವತ್ತು ವರ್ಷ ಅದೇ ಮನೆಯಲ್ಲಿ ದುಡಿದು ಅಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿದವಳು. ನಸುಕಿನಲ್ಲಿ ಎದ್ದು ಸೆಗಣಿ ಬಳಿದು, ಹಾಲು ಹಿಂಡಿ, ರೊಟ್ಟಿ ಬಡಿದು, ಕಬ್ಬಿಗೆ ಕಳೆ ತೆಗೆದು ಬಂದರೂ ಅವಳಿಗೆ ರೈತಳೆಂಬ ಹೆಸರಿಲ್ಲ. ಡೈರಿಯ ಹಾಲು ಅವಳು ಹಿಂಡಿದ್ದು. ಅದರ ಪಾಸ್‌ಬುಕ್ಕು ಗಂಡನದು. ಕೂಲಿಗೆ ಹೋದರೆ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು. ಸಮಾನ ವೇತನದ ಕಾಯ್ದೆ 1976ರಲ್ಲಿಯೇ ಆಗಿದೆ. ಎಲ್ಲರೂ ಉಂಡ ಮೇಲೆ ಅವಳು ಉಣ್ಣಬೇಕು. ರಾಜ್ಯದಲ್ಲಿ ಹೆಚ್ಚು-ಕಡಿಮೆ ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಿಪ್ಪಾಣಿಯವರಿಗೆ ಹೆಣ್ಣಿನ ದುಡಿಮೆಯ ಬಗ್ಗೆ ನಾನು ಹೇಳುವುದೇನಿದೆ? ಬೀಡಿ ತಂಬಾಕಿನ ವಖಾರಿಗಳಲ್ಲಿ ಹುಡಿ ಕುಡಿಯುತ್ತ, ಎಲೆ ಬಡಿದು ಜರಡಿ ಹಿಡಿದ ಸಾವಿರಾರು ಹೆಣ್ಣುಮಕ್ಕಳು, ಮನೆಯಲ್ಲಿ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಬೀಡಿ ಕಟ್ಟಿದವರು, ಆ ಪೇಟೆಯನ್ನು ಬೆಳೆಸಿದವರು ಅವರೇ. ಸುಭಾಷ ಜೋಶಿಯವರಂಥವರ ಜೊತೆಗೂಡಿ ಈ ಹೆಣ್ಣುಮಕ್ಕಳು ಸಂಘ ಕಟ್ಟಿ ಮುಷ್ಕರ ಹೂಡಿದರು. ಅವರ ಹೋರಾಟದ ಬಗ್ಗೆ ಯುಗಾಂತರ ಎಂಬ ಮಹಿಳಾ ತಂಡ 1982ರಲ್ಲಿ ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಕಬ್ಬಿನಲ್ಲಿಯೂ ಹಾಗೆಯೇ. ಕಡಿಯುವ ಟೋಳಿಯಲ್ಲಿ ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ ಎಂದು ಲೆಕ್ಕ, ಮುಂಗಡವೂ ಜೋಡಿಗೇ. ಜೋಡಿಯಿಲ್ಲದವನಿಗೆ ಮುಂಗಡ ಕಡಿಮೆ. ಆದ್ದರಿಂದ ಆ ಕುಟುಂಬಗಳಲ್ಲಿ ಹುಡುಗಿ ದೊಡ್ಡವಳಾಗುವುದೇ ತಡ, ಮದುವೆ ಮಾಡುತ್ತಾರೆ. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಎಷ್ಟೋ ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲಿಯೇ ಗರ್ಭಕೋಶ ತೆಗೆಸಿಕೊಂಡಿದ್ದಾರೆಂಬ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ನಮ್ಮ ಹೊಲದ ಕಬ್ಬನ್ನು ಕಡಿಯಲು ಬರುವ ಟೋಳಿಯಲ್ಲಿ ಹದಿನೈದರ ಸೊಸೆಯಿದ್ದರೆ, ಅದು ಅವರ ಮನೆಯ ವಿಷಯವೆಂದು ಸುಮ್ಮನಿರುವ ಹಾಗಿಲ್ಲ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಯ ಮದುವೆ 18 ತುಂಬುವ ಮೊದಲೇ ಆಗಿತ್ತೆಂದು 2019-21ರ ಸಮೀಕ್ಷೆ ಹೇಳುತ್ತದೆ.

ಇಲ್ಲಿ ನೀವು ಕೇಳಬಹುದು: ಕಾನೂನುಗಳಿವೆಯಲ್ಲ, ಇನ್ನೂ ಒಮ್ಮತ ಏಕೆ? ಇದಕ್ಕೆ ಉತ್ತರ ನಿಮ್ಮ ಸೀಮೆಯ ಇತಿಹಾಸದಲ್ಲಿಯೇ ಇದೆ. ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. 1920ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕಾನೂನಿನಿಂದ ನಿಷೇಧಿಸಿದರು. ಅಥಣಿ, ಚಿಕ್ಕೋಡಿ ಭಾಗಕ್ಕೆ 1934ರ ಮುಂಬಯಿ ಕಾಯ್ದೆ ಬಂತು. ಕರ್ನಾಟಕದ ಕಾಯ್ದೆಯಾದದ್ದು 1982ರಲ್ಲಿ. ಮೂರು ಕಾಯ್ದೆಗಳ ನಡುವೆ ಅರವತ್ತು ವರ್ಷಗಳು ಸರಿದವು. ಅಷ್ಟೂ ಕಾಲ ಕೊಕಟನೂರಿನ ಎಲ್ಲಮ್ಮನ ಜಾತ್ರೆಗೂ ಸವದತ್ತಿಯ ಗುಡ್ಡಕ್ಕೂ ಹುಡುಗಿಯರು ಮುತ್ತು ಕಟ್ಟಿಸಿಕೊಳ್ಳಲು ಹೋಗುತ್ತಲೇ ಇದ್ದರು. ಪದ್ಧತಿಗೆ ನಿಜವಾದ ಪೆಟ್ಟು ಬಿದ್ದದ್ದು, ಅದರಲ್ಲಿ ಬೆಂದ ಮಹಿಳೆಯರೇ ತಮ್ಮ ಸಂಘ ಮಾಡಿಕೊಂಡು, ನಮಗಾದದ್ದು ನಮ್ಮ ಮಕ್ಕಳಿಗೆ ಬೇಡವೆಂದು ಊರೂರಿನಲ್ಲಿ ಹೇಳಲು ನಿಂತಾಗ. ಘಟಪ್ರಭಾದಲ್ಲಿ 1997ರಲ್ಲಿ ಇಂಥ ಮಹಿಳೆಯರದೇ ಸಂಸ್ಥೆಯೊಂದು ಹುಟ್ಟಿತು. ಕಾಯ್ದೆ ಮೊದಲು ಬಂದರೂ, ಅದಕ್ಕೆ ಬಲ ಬಂದದ್ದು ಜನ ಒಪ್ಪಿದ ಮೇಲೆ.

ಮಗಳ ಆಸ್ತಿಹಕ್ಕಿನ ಕಾನೂನು ಇಂದು ಅದೇ ಸ್ಥಿತಿಯಲ್ಲಿದೆ. ಕಾಗದದ ಮೇಲೆ ಪೂರ್ಣವಾಗಿದೆ, ಊರಲ್ಲಿ ಆರಂಭವೇ ಆಗಿಲ್ಲ ಎನ್ನಬಹುದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಗಂಡುಮಗು ಬೇಕೆನ್ನುವ ಆಸೆಯ ಬೇರು ಹೊಲದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹೊಲ ಯಾರಿಗೆ ಹೋಗಬೇಕು? ಮಗನಿಗೆ. ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು? ಹೊಲ ಪಡೆದವನು. ಮಗಳು ಏನು ಒಯ್ಯುತ್ತಾಳೆ? ವರದಕ್ಷಿಣೆ, ಬಂಗಾರ, ಮದುವೆಯ ಸಾಲ. ಹೀಗೆ ಲೆಕ್ಕ ಹಾಕಿದಾಗ ಮಗಳು ಬರೀ ಖರ್ಚಾಗಿ ಕಾಣುತ್ತಾಳೆ. ಈ ಲೆಕ್ಕವನ್ನು ತಿದ್ದದೆ, ಬರೀ ಹೆಣ್ಣುಮಗು ಲಕ್ಷ್ಮಿ ಎಂದು ಗೋಡೆಯ ಮೇಲೆ ಬರೆದರೆ ಪ್ರಯೋಜನವಿಲ್ಲ.

ಕಾನೂನು ಏನು ಹೇಳುತ್ತದೆ? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಎಂಬ ತಿದ್ದುಪಡಿಯನ್ನು ಕರ್ನಾಟಕ ಕೇಂದ್ರಕ್ಕಿಂತ ಮೊದಲೇ ಮಾಡಿತು. ಅದು 1994ರ ಜುಲೈ 30ರಿಂದ ಜಾರಿಗೆ ಬಂತು. ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಮಾತ್ರ ಅದರಲ್ಲಿ ಪಾಲಿರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು, ಮದುವೆಯಾದವರು ಆಗದವರೆಂಬ ಭೇದವೂ ಹೋಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಬಗೆಹರಿಸಿತು: ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿಗಳನ್ನು ಮಾತ್ರ ಕೆದಕುವಂತಿಲ್ಲ. ಈ ಸೀಮೆಯಲ್ಲಿ ಬಹಳವಾಗಿರುವ ಜೈನ ಬಾಂಧವರಿಗೂ ಇದೇ ಕಾನೂನು. ಮುಸ್ಲಿಂ ಬಾಂಧವರ ಶರಿಯತ್ತಿನಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲನ್ನು ಮೊದಲಿನಿಂದಲೇ ಹೇಳಿದೆ. ಆದರೆ ಹೊಲದ ಮಾತು ಬಂದಾಗ ಎಲ್ಲ ಜಾತಿ-ಮತದವರೂ ಒಂದೇ ರೀತಿ ನಡೆಯುವುದನ್ನು ಕಾಣುತ್ತೇವೆ.

ನಡೆಯುವುದು ಹೀಗೆ. ತಂದೆ ತೀರಿಕೊಂಡ ಮೇಲೆ ಅಣ್ಣ ತಂಗಿಯರನ್ನು ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುತ್ತಾನೆ. ಒಂದು ಸೀರೆ, ಕುಪ್ಪಸ, ಉಡಿ ತುಂಬಿ ಕಳಿಸುತ್ತಾನೆ. ತಂಗಿ ಸಹಿ ಮಾಡುತ್ತಾಳೆ, ಮನಸ್ಸಿಲ್ಲದಿದ್ದರೂ ಮಾಡುತ್ತಾಳೆ. ಮಾಡದಿದ್ದರೆ ನಾಗರ ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರುವುದಿಲ್ಲವೆಂದು ಅವಳಿಗೆ ಗೊತ್ತು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯನ್ನು ಅವಳೂ ಕೇಳಿಯೇ ಬೆಳೆದವಳು. ನಾನು ಅಣ್ಣಂದಿರನ್ನು ದುಷ್ಟರೆಂದು ಕರೆಯುವುದಿಲ್ಲ. ತಂಗಿಯ ಕಷ್ಟಕ್ಕೆ ಓಡಿ ಹೋಗುವ ಅಣ್ಣಂದಿರೇ ಹೆಚ್ಚು. ಆದರೆ ಅಣ್ಣನ ಪ್ರೀತಿ ಬೇರೆ, ಉತಾರದ 9ನೆಯ ಕಾಲಮ್ಮಿನಲ್ಲಿರುವ ಹೆಸರು ಬೇರೆ. ಸೊಸೈಟಿಯ ಬೆಳೆಸಾಲ, ಕಾರ್ಖಾನೆಯ ಶೇರು, ಬೆಳೆವಿಮೆ, ಮಹಾಪೂರದ ಪರಿಹಾರ ಎಲ್ಲವೂ ಆ ಹೆಸರನ್ನು ಹುಡುಕಿಕೊಂಡು ಬರುತ್ತವೆ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಹರಿದಾಗ ಮನೆ ಬಿಟ್ಟು ಗಂಜಿಕೇಂದ್ರದಲ್ಲಿ ಮಕ್ಕಳನ್ನು ಹಿಡಿದು ಕೂತವರು ತಾಯಂದಿರು. ಬೆಳೆ ಪರಿಹಾರ ಬರುವುದು ಮಾತ್ರ ಉತಾರದಲ್ಲಿ ಹೆಸರಿದ್ದವರಿಗೆ. ಗಂಡ ತೀರಿಕೊಂಡು ವಾರಸಾ ಆಗದೆ ಉಳಿದ ವಿಧವೆಯ ಸ್ಥಿತಿಯಂತೂ ಕೇಳುವುದೇ ಬೇಡ. ಹೊಲ ಅವಳದೇ, ಆದರೆ ಒಂದು ಚೀಲ ಗೊಬ್ಬರದ ಸಾಲಕ್ಕೂ ಅವಳಿಗೆ ಅರ್ಹತೆಯಿಲ್ಲ.

ಇಲ್ಲಿ ರೈತರು ಎತ್ತುವ ಆಕ್ಷೇಪಣೆ ಒಂದಿದೆ, ಅದು ಹಗುರಾದದ್ದಲ್ಲ. ಮಗಳಿಗೂ ಪಾಲು ಕೊಟ್ಟರೆ ಹಿಡುವಳಿ ತುಂಡಾಗುತ್ತದೆ, ನಾಲ್ಕು ಎಕರೆಯಲ್ಲಿ ಏನು ಉಳಿಯುತ್ತದೆ ಎಂದು ಕೇಳುತ್ತಾರೆ. ತುಂಡು ಹಿಡುವಳಿಯ ಕಷ್ಟ ನಮ್ಮ ವಿಶ್ವವಿದ್ಯಾಲಯಗಳವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಇಬ್ಬರು ಗಂಡುಮಕ್ಕಳಿಗೆ ಎರಡೆರಡು ಎಕರೆ ಹಂಚಿ, ಬಾವಿಯ ನೀರಿಗೆ ಪಾಳಿ ಹಾಕುವಾಗ ಯಾರೂ ಹಿಡುವಳಿ ತುಂಡಾಯಿತೆಂದು ಅಳುವುದಿಲ್ಲ. ಮಗಳ ಹೆಸರು ಬಂದಾಗ ಮಾತ್ರ ಆ ಚಿಂತೆ ಹುಟ್ಟುತ್ತದೆ. ಇನ್ನೊಂದು ಲೆಕ್ಕವನ್ನೂ ನೋಡಿ. ನಿಮ್ಮ ಮಗಳು ತನ್ನ ಪಾಲನ್ನು ಪಡೆದರೆ, ನಿಮ್ಮ ಸೊಸೆಯೂ ತನ್ನ ತವರಿನ ಪಾಲನ್ನು ಪಡೆಯುತ್ತಾಳೆ. ಎಲ್ಲ ಮನೆಗಳಲ್ಲಿಯೂ ಹೀಗೆ ನಡೆದರೆ ಒಂದು ಮನೆಯಿಂದ ಹೋದದ್ದು ಇನ್ನೊಂದು ದಾರಿಯಿಂದ ಬರುತ್ತದೆ. ಒಬ್ಬನೇ ಕೊಟ್ಟು ಉಳಿದವರು ಕೊಡದಿದ್ದರೆ ಕೊಟ್ಟವನಿಗೆ ನಷ್ಟ. ಬಸಿಗಾಲುವೆಯ ಹಾಗೆಯೇ ಇದು; ಊರೆಲ್ಲ ಒಪ್ಪಿದರೆ ಮಾತ್ರ ಹರಿಯುತ್ತದೆ. ಅಲ್ಲದೆ ಹೆಸರು ಬೇರೆಯಾದರೆ ಉಳುಮೆಯೂ ಬೇರೆಯಾಗಬೇಕೆಂದಿಲ್ಲ. ಜಂಟಿ ಖಾತೆ ಇಟ್ಟುಕೊಂಡು ಒಟ್ಟಿಗೇ ಬೆಳೆದು, ಕಬ್ಬಿನ ಬಿಲ್ಲು ಬಂದಾಗ ಪಾಲು ಮಾಡಿಕೊಳ್ಳಬಹುದು. ದೂರದ ಊರಿಗೆ ಹೋದ ಮಗಳು ತನ್ನ ಪಾಲನ್ನು ಅಣ್ಣನಿಗೇ ಸರಿಯಾದ ಬೆಲೆಗೆ ಕೊಡುವುದೂ ಉಂಟು. ಬೆಲೆಗೆ ಕೊಡುವುದಕ್ಕೂ ಸೀರೆ-ಕುಪ್ಪಸಕ್ಕೆ ಬಿಟ್ಟುಕೊಡುವುದಕ್ಕೂ ಬಹಳ ಅಂತರವಿದೆ. ವರದಕ್ಷಿಣೆಗೆ ಮತ್ತು ಮದುವೆಯ ಊಟಕ್ಕೆ ಹೋದ ಹಣ ಒಂದು ದಿನದಲ್ಲಿ ಕರಗುತ್ತದೆ. ಆ ಹಣ ಕೆಲವೊಮ್ಮೆ ಸೊಸೈಟಿಯಿಂದ ಗೊಬ್ಬರಕ್ಕೆಂದು ತಂದದ್ದಾಗಿರುತ್ತದೆ. ಮಗಳ ಹೆಸರಿನ ಅರ್ಧ ಎಕರೆ ಅವಳ ಮುಪ್ಪಿನವರೆಗೂ ಇರುತ್ತದೆ, ಅವಳ ಗಂಡನ ಮನೆಯವರ ನಾಲಿಗೆಯನ್ನೂ ಹಿಡಿತದಲ್ಲಿಡುತ್ತದೆ.

ಊರೆಲ್ಲ ಒಪ್ಪುವುದು ಸಾಧ್ಯವೇ ಎಂದರೆ, ಆದ ಉದಾಹರಣೆಯಿದೆ. 1981ರಲ್ಲಿ ತಂಬಾಕಿನ ಬೆಲೆಗಾಗಿ ನಿಪ್ಪಾಣಿಯಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತದ್ದನ್ನು, ಏಪ್ರಿಲ್ 6ರ ಗೋಳೀಬಾರಿನಲ್ಲಿ 12 ಮಂದಿ ರೈತರು ಸತ್ತದ್ದನ್ನು ಈ ಸೀಮೆ ಮರೆತಿಲ್ಲ. ಆ ಚಳವಳಿಗೆ ಬಂದಿದ್ದ ಶೇತಕರಿ ಸಂಘಟನೆಯ ಶರದ ಜೋಶಿಯವರು 1986ರಲ್ಲಿ ಚಾಂದವಡದಲ್ಲಿ ರೈತ ಮಹಿಳೆಯರ ಬೃಹತ್ ಸಮ್ಮೇಳನ ನಡೆಸಿದರು. ನಂತರ 1990ರ ಸುಮಾರಿಗೆ 'ಲಕ್ಷ್ಮೀ ಮುಕ್ತಿ' ಎಂಬ ಕಾರ್ಯಕ್ರಮ ಹಾಕಿಕೊಂಡರು. ಯಾವ ಊರಿನಲ್ಲಿ ನೂರು ಮನೆಯವರು ತಮ್ಮ ಹೊಲದ ಒಂದು ಭಾಗವನ್ನು ಹೆಂಡತಿಯ ಹೆಸರಿಗೆ ಮಾಡುತ್ತಾರೋ ಆ ಊರಿಗೆ ಲಕ್ಷ್ಮೀ ಮುಕ್ತಿ ಗ್ರಾಮವೆಂಬ ಗೌರವ. ಮಹಾರಾಷ್ಟ್ರದಲ್ಲಿ ಎಷ್ಟೋ ಊರುಗಳ ರೈತರು ಇದನ್ನು ಮಾಡಿದರು. ಜಳಗಾಂವ ಜಿಲ್ಲೆಯ ವಿಟನೇರದ ಹೆಸರು ಇದರಿಂದ ಪ್ರಸಿದ್ಧವಾಯಿತು. ಯಾವ ಕಾನೂನೂ ಅವರನ್ನು ಒತ್ತಾಯಿಸಿರಲಿಲ್ಲ. ನಮ್ಮ ಬೆಳೆಗೆ ಪೇಟೆ ನ್ಯಾಯ ಕೊಡಲಿಲ್ಲವೆಂದು ಕೂಗುವ ನಾವು ನಮ್ಮ ಮನೆಯೊಳಗಿನ ದುಡಿಮೆಗೆ ಏನು ಕೊಟ್ಟಿದ್ದೇವೆ ಎಂಬ ಪ್ರಶ್ನೆ ಅವರನ್ನು ತಟ್ಟಿತ್ತು. ನೂರು ಎಂಬ ಆ ಸಂಖ್ಯೆಯಲ್ಲಿ ಜಾಣತನವಿದೆ. ಒಬ್ಬನೇ ಮಾಡಿದರೆ ಊರವರು ಹೆಂಡತಿಯ ಗುಲಾಮನೆಂದು ನಗುತ್ತಾರೆ. ನೂರು ಜನ ಮಾಡಿದರೆ ನಗುವವರು ಉಳಿಯುವುದಿಲ್ಲ.

ಇನ್ನು ವಿಸ್ತರಣಾ ಕಾರ್ಯಕರ್ತರಿಗೆ ಒಂದೆರಡು ಮಾತು. ತರಬೇತಿಗೆ ಹೆಸರು ಬರೆದುಕೊಳ್ಳುವಾಗ ಉತಾರವಿದ್ದವರನ್ನೇ ರೈತರೆಂದು ತಿಳಿಯುವ ರೂಢಿ ನಮ್ಮಲ್ಲಿದೆ. ಇದರಿಂದ ಕಳೆ ತೆಗೆಯುವವಳು ಮನೆಯಲ್ಲಿ ಉಳಿದು, ಕಳೆಯ ಬಗ್ಗೆ ತರಬೇತಿಯನ್ನು ಅವಳ ಗಂಡ ಪಡೆದು ಬರುತ್ತಾನೆ. ಹಾಲು ಹಿಂಡುವ ಹೊತ್ತು, ಅಡಿಗೆಯ ಹೊತ್ತು ಬಿಟ್ಟು, ಅವರ ಓಣಿಯಲ್ಲಿಯೇ ಸಭೆ ಕರೆದರೆ ಮಹಿಳೆಯರು ಬರುತ್ತಾರೆ. ಕಾಗವಾಡ, ಅಥಣಿಯ ಗರ್ಭಿಣಿಯರು ಮಿರಜದ ಆಸ್ಪತ್ರೆಗಳಿಗೆ ಹೋಗುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂಥಲ್ಲಿ ಹೆಣ್ಣೋ ಗಂಡೋ ಹೇಳುತ್ತಾರೆಂದು ದಲ್ಲಾಳಿ ಯಾರಾದರೂ ಓಣಿಯಲ್ಲಿ ಸುಳಿದರೆ ಆರೋಗ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಿರಿ. ಆ ಮನೆಯ ಸೊಸೆಯನ್ನು ದೂರಬೇಡಿ. ಅವಳನ್ನು ಅಲ್ಲಿಗೆ ಕರೆದೊಯ್ಯುವವರು ಬೇರೆ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟ ಜನಗಣತಿಯನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಿದೆ. ಆಗ ಈ ಐದು ತಾಲೂಕುಗಳ ಮಕ್ಕಳ ಲೆಕ್ಕ ಎಷ್ಟು ಬರುತ್ತದೆ ಎಂಬುದನ್ನು ನೀವೆಲ್ಲ ಕಾದು ನೋಡಬೇಕು.

ಕೊನೆಯದಾಗಿ ಒಂದು ವ್ಯಾವಹಾರಿಕ ಸೂಚನೆ. ಅನೇಕ ಹೊಲಗಳ ಉತಾರಗಳು ತೀರಿಹೋದ ಅಜ್ಜ, ಮುತ್ತಜ್ಜರ ಹೆಸರಿನಲ್ಲಿಯೇ ಉಳಿದಿವೆ. ವಾರಸಾ ಮಾಡಿಸಲು ಮರಣ ಪ್ರಮಾಣಪತ್ರ, ವಂಶಾವಳಿ, ಉತಾರ ಮತ್ತು ಆಧಾರ್ ಪ್ರತಿಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ವಂಶಾವಳಿ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡುವುದು ಬಹಳ ಊರುಗಳಲ್ಲಿ ರೂಢಿಯಾಗಿದೆ. ಹಾಗೆ ಬಿಟ್ಟ ವಂಶಾವಳಿ ಸುಳ್ಳು ದಾಖಲೆಯಾಗುತ್ತದೆ, ಮುಂದೆ ಹೊಲ ಮಾರುವಾಗಲೋ ಸಾಲ ತೆಗೆಯುವಾಗಲೋ ತಕರಾರಿಗೆ ಎಡೆಯಾಗುತ್ತದೆ. ಹೆಂಡತಿ, ತಾಯಿ, ಗಂಡುಮಕ್ಕಳು, ಮದುವೆಯಾದ ಮತ್ತು ಆಗದ ಹೆಣ್ಣುಮಕ್ಕಳು ಎಲ್ಲರ ಹೆಸರನ್ನೂ ಬರೆಸಿರಿ. ಹೆಂಡತಿಯ ಹೆಸರಿಗೆ ಭಾಗ ಮಾಡಿಕೊಡುವವರು ದಾನಪತ್ರದ ಮೂಲಕ ಮಾಡಬಹುದು. ಕುಟುಂಬದೊಳಗಿನ ಇಂಥ ಪತ್ರಗಳಿಗೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಹೊಲದ ಮೇಲೆ ಸೊಸೈಟಿಯ ಬೋಜಾ ಇದ್ದರೆ ಮೊದಲು ಅಲ್ಲಿ ವಿಚಾರಿಸಿಕೊಳ್ಳಬೇಕು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಹಿಂದೆ ಕುಳಿತಿರುವ ತಾಯಂದಿರು ಮೊದಲು ಕೇಳಲಿ.